ಮೀಸೆಯಕ್ಕನ ಕಸುಬು

ನಾಟಕದವರಿಗೆ ಗಡ್ಡ, ಮೀಸೆ ಕಟ್ಟಿಕೊಡುವ ಆಕೆಯನ್ನು ಬೀದಿಯವರೆಲ್ಲ ಮೀಸೆಯಕ್ಕ ಎಂದೇ ಕರೆಯುತ್ತಿದ್ದರು. ಬಲೆಬಟ್ಟೆಗೆ ಒಂದೊಂದೇ ಕೂದಲನ್ನು ಕೊಕ್ಕೆಸೂಜಿಯಲ್ಲಿ ಗಂಟು ಹಾಕಿ ಒಂದು ಮೀಸೆ ಮುಗಿಸುವಷ್ಟರಲ್ಲಿ ಕತ್ತು ಮರಗಟ್ಟುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅದೇ ಅವಳ ಅನ್ನ.

ಹಳೆಯ ಮಾರುಕಟ್ಟೆ ಕೆಡವುವುದು ಖಚಿತವಾಯಿತು. ಹೊಸ ಕಟ್ಟಡದಲ್ಲಿ ಮಳಿಗೆ ಕೊಡಲು ನಗರಸಭೆ ಕಸುಬುದಾರರ ಪಟ್ಟಿ ಮಾಡಿತು. ಬೀಗ ರಿಪೇರಿಯವನಿದ್ದ, ಹಣ್ಣಿನವಳಿದ್ದಳು. ಮೀಸೆಯಕ್ಕ ಇರಲಿಲ್ಲ, ಪಕ್ಕದಂಗಡಿಯಲ್ಲಿ ನಾಟಕದ ಪರದೆ ಬರೆಯುವವನೂ ಇಲ್ಲ, ಎದುರಿಗೆ ಡೋಲು ಬಿಗಿಯುವ ತಾತನೂ ಇಲ್ಲ.

ಕೇಳಲು ಹೋದರೆ ನಗರಸಭೆಯ ಗುಮಾಸ್ತ ತಲೆಯನ್ನೂ ಎತ್ತಲಿಲ್ಲ. "ಇವೆಲ್ಲ ಹವ್ಯಾಸ ಕಣಮ್ಮ. ಊರು ಮುಂದೆ ಬರೋಕೆ ಬೇಕಾದ ಕಸುಬಿಗೆ ಮಾತ್ರ ಮಳಿಗೆ."

"ಹವ್ಯಾಸಾನಾ? ಇದರಲ್ಲೇ ತಂಗೀನ ಓದಿಸಿದೀನಿ. ನಾಟಕ ಇರೋ ದಿನ ಟೀ ಅಂಗಡಿ, ದರ್ಜಿ, ಬಾಡಿಗೆ ಗಾಡಿ ಎಲ್ಲರಿಗೂ ಕೈತುಂಬ ಕೆಲಸ. ಸಾವಿರ ಜನ ಒಟ್ಟಿಗೆ ಕೂತು ನಗ್ತಾರೆ, ಅಳ್ತಾರೆ. ಅದು ಊರು ಮುಂದೆ ಬರೋದಲ್ವಾ?"

"ಹಾಗೆ ಬರೆಯೋಕೆ ಕಾಲಂ ಇಲ್ಲ."

ಎರಡು ವಾರದ ನಂತರ ಅದೇ ಗುಮಾಸ್ತ ಅಂಗಡಿಯ ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದ. ನಗರಸಭೆಯ ವಾರ್ಷಿಕೋತ್ಸವಕ್ಕೆ ಸಿಬ್ಬಂದಿಯ ನಾಟಕ, ಮುಖ್ಯ ಅಧಿಕಾರಿಯದೇ ರಾಜನ ಪಾತ್ರ. "ಅಕ್ಕಾ, ಆರು ಮೀಸೆ, ಎರಡು ಗಡ್ಡ ಬೇಕಿತ್ತು."

"ಹವ್ಯಾಸದವಳಪ್ಪ ನಾನು. ಮನಸ್ಸು ಬಂದಾಗ ಮಾಡೋದು. ಈಗ ಬಂದಿಲ್ಲ."

ಅವನು ಅತ್ತ ಹೋದದ್ದೇ ಒಳಗಿದ್ದ ತಂಗಿ ಹೊರಗೆ ಬಂದಳು. "ಗಾಳಿ ಬಂದಾಗ ತೂರಿಕೊಳ್ಳೋದು ಬಿಟ್ಟು ಇದೇನಕ್ಕ ಹಟ?"

"ತೂರ್ತಾನೇ ಇದೀನಿ ಕಣೇ. ಮೊದಲು ಹೊಟ್ಟು ಹಾರ್ಲಿ."

ಮರುದಿನ ಅಧಿಕಾರಿಯೇ ಬಂದರು. "ನಿಮ್ಮ ಹೆಸರು ಸೇರಿಸ್ತೀನಿ. ಆಯ್ತಲ್ಲ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಎನ್ನಲು ಬಾಯಿಯೂ ತೆರೆದಿತ್ತು. ಅಷ್ಟರಲ್ಲಿ ಎದುರಂಗಡಿಯಲ್ಲಿ ಮೊಣಕಾಲಿನಿಂದ ಡೋಲು ಅದುಮಿ, ಏದುಸಿರು ಬಿಡುತ್ತ ಹಗ್ಗ ಜಗ್ಗುತ್ತಿದ್ದ ತಾತ ಕಣ್ಣಿಗೆ ಬಿದ್ದ.

"ನಂದೊಂದೇ ಬೇಡ ಸಾರ್. ಪರದೆಯವನದ್ದೂ ಸೇರ್ಲಿ, ತಾತಂದೂ ಸೇರ್ಲಿ."

"ಅದಕ್ಕೆ ಸಭೆ ಆಗ್ಬೇಕು. ಟೈಮ್ ಹಿಡಿಯತ್ತೆ."

"ಮೀಸೆಗೂ ಹಿಡಿಯತ್ತೆ."

ಉತ್ಸವದ ದಿನ ರಾಜ ಇದ್ದಿಲಿನ ಮೀಸೆ ಬರೆದುಕೊಂಡು ಬಂದ. ಸತ್ತ ಮಗನ ಮೇಲೆ ಬಿದ್ದು ಅಳುವಾಗ ಮೀಸೆ ಬೆವರಿಗೆ ಕರಗಿ ಗದ್ದಕ್ಕಿಳಿಯಿತು. ನೋಡಲು ಬಂದವರೆಲ್ಲ ಹೊಟ್ಟೆ ಹಿಡಿದು ನಕ್ಕರು. "ಮೀಸೆಯಕ್ಕನ್ನ ಕರೀರಪ್ಪಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮೂರನೆಯ ಸಾಲಿನಲ್ಲಿದ್ದ ಅವಳಿಗೆ ಮಾತ್ರ ನಗು ಬರಲಿಲ್ಲ. ಯಾರದ್ದೇ ಆಗಲಿ, ನಾಟಕ ಕೆಟ್ಟರೆ ಅವಳಿಗೆ ಸಂಕಟ.

ನಗರಸಭೆಯ ಮುಂದಿನ ಸಭೆಯಲ್ಲಿ ಅವಳ ಮತ್ತು ಪರದೆಯವನ ಹೆಸರುಗಳು ಸೇರಿದವು. ತಾತನಿಗೆ ವಯಸ್ಸಾಯಿತೆಂದು ಬಿಟ್ಟರು. ಹೊಸ ಮಳಿಗೆಯ ಬೀಗದಕೈ ಕೊಡಲು ಬಂದರೆ ಮೀಸೆಯಕ್ಕ ಮುಟ್ಟಲಿಲ್ಲ. ಬೆಳಗ್ಗೆ ಮೀಸೆ ಕೂರಿಸುವ ಮರದ ತಲೆ, ಬಲೆಬಟ್ಟೆ, ಸೂಜಿ ಹೊತ್ತು ತಂದು ನಗರಸಭೆಯ ಮೆಟ್ಟಿಲ ಮೇಲೆ ಅಂಗಡಿ ಹೂಡಿದಳು. ಪರದೆಯವನು ಅಲ್ಲೇ ಗೋಡೆಗೆ ಬಟ್ಟೆ ಬಿಗಿದು ಕಾಡು ಬರೆಯತೊಡಗಿದ. ನಡುವೆ ಕೂತ ತಾತ ಡೋಲಿನ ಶ್ರುತಿ ನೋಡಲು ಗಳಿಗೆಗೊಮ್ಮೆ ಬಾರಿಸುತ್ತಿದ್ದ. ಒಳಗೆ ಯಾರಿಗೂ ಫೋನಿನಲ್ಲಿ ಮಾತಾಡಲಾಗುತ್ತಿರಲಿಲ್ಲ. ಕೆಲಸಕ್ಕೆ ಬಂದವರೆಲ್ಲ ಸುತ್ತ ನಿಂತು ನೋಡಿದರು. ಕೆಲವರು ಅಲ್ಲೇ ಕೂತುಬಿಟ್ಟರು.

ಹನ್ನೊಂದನೆಯ ದಿನ ಗುಮಾಸ್ತ ಪಟ್ಟಿ ಹಿಡಿದು ಹೊರಗೆ ಬಂದ. ಅಂಚಿನಲ್ಲಿ, ಪೆನ್ನಿನಲ್ಲಿ, ವಾರೆಯಾಗಿ ತಾತನ ಹೆಸರಿತ್ತು.

"ಸರಿನಾ? ಇನ್ನಾದ್ರೂ ಏಳಿ."

"ಇರಪ್ಪ. ಈ ಸಾಲು ಮುಗೀಲಿ," ಎಂದಳು ಮೀಸೆಯಕ್ಕ. ಅರ್ಧಕ್ಕೆ ಬಿಟ್ಟರೆ ಗಂಟು ಸಡಿಲವಾಗುತ್ತದೆ.