ಹಕ್ಕಿ ಪಾಲು

ಪಾಂಡು ತೀರಿಕೊಂಡು ವರ್ಷಗಳಾದ ಮೇಲೆ ಅವನ ಆಟಕ್ಕೆ ಮತ್ತೆ ಜೀವ ಬಂತು. ಕಾಲೇಜಿನಲ್ಲಿದ್ದಾಗ ಅವನು ಬರೆದ ಕಂಪ್ಯೂಟರ್ ಆಟ ಅದು. ದ್ರಾಕ್ಷಿ ತೋಟಕ್ಕೆ ಹಕ್ಕಿಗಳು ಬರುತ್ತವೆ, ಕವಣೆ ಬೀಸಿ ಓಡಿಸಬೇಕು, ಅಷ್ಟೇ. ಯಾರು ಬೇಕಾದರೂ ಆಡಲಿ, ತಿದ್ದಲಿ ಎಂದು ಅದರ ಕೋಡನ್ನೂ ಇಂಟರ್‌ನೆಟ್ಟಿನಲ್ಲಿ ಬಿಟ್ಟುಕೊಟ್ಟಿದ್ದ ಧಾರಾಳಿ. ಹಳೆಯ ಕಂಪ್ಯೂಟರುಗಳ ಜೊತೆಗೆ ಆಟವೂ ಮೂಲೆ ಸೇರಿತ್ತು. ಅವನ ಜೊತೆ ಓದಿದ ಸಮ್ರೀನ, ಗೋಳಗುಮ್ಮಟದ ಹಿಂದಿನ ತನ್ನ ಮನೆಯಲ್ಲಿ ಕೂತು, ನೌಕರಿ ಮುಗಿದ ಮೇಲಿನ ಸಂಜೆಗಳನ್ನೆಲ್ಲ ಸುರಿದು ಅದನ್ನು ಇಂದಿನ ಮೊಬೈಲಿಗೆ ಹೊಂದಿಸಿದಳು. ಗೆಳೆಯನ ಹೆಸರು ಅಳಿಯಬಾರದು. ಅವಳಿಗೆ ಬೇಕಾದದ್ದು ಅದೊಂದೇ.

ಆಟದಲ್ಲಿ ಒಂದು ಊನವಿತ್ತು. ಕಡೆಯ ಸಾಲಿನ ಬಳ್ಳಿಯ ಮೇಲೆ ಕೂತ ಹಕ್ಕಿಗೆ ಕಲ್ಲು ತಾಗುತ್ತಲೇ ಇರಲಿಲ್ಲ. ಬಬಲೇಶ್ವರದ ಹುಡುಗರಿಂದ ಹಿಡಿದು ಪರದೇಶದವರ ತನಕ ಆಡಿದವರೆಲ್ಲ ಬೈದಿದ್ದರು. ಪಾಂಡು ಮೊದಲಿನಿಂದಲೂ ಅವಸರದವನು, ಎಲ್ಲೋ ಎಡವಿದ್ದಾನೆ ಎಂದುಕೊಂಡು ಸಮ್ರೀನ ಅದನ್ನು ಸರಿಪಡಿಸಿದಳು. ಸತ್ತವನ ತಪ್ಪು ಜಗತ್ತಿಗೆ ಯಾಕೆ ಕಾಣಬೇಕು?

ಆಪ್ ಸ್ಟೋರಿಗೆ ಬಿಡುವ ಮುಂಚೆ ಅವನ ತಾಯಿಗೆ ತೋರಿಸಲೆಂದು ಭಾನುವಾರ ತಿಕೋಟಾದ ಬಸ್ಸು ಹತ್ತಿದಳು. ಹೀರಾಬಾಯಿ ಕನ್ನಡಕ ಏರಿಸಿ ಮೊಬೈಲು ಹಿಡಿದರು.

"ಇಲ್ಲಿ ಒತ್ರಿ ಕಾಕು, ಹಕ್ಕಿ ಹಾರ್ತಾವ."

ಹಾರಿದವು. ಕಡೆಯ ಸಾಲಿನದೂ ಹಾರಿತು. ‘ಗೆದ್ದಿರಿ’ ಎಂದು ಬಂತು. ಹೀರಾಬಾಯಿಯ ಮುಖ ಮಾತ್ರ ಸಪ್ಪಗಾಯಿತು.

"ಇದು ನಮ್ಮ ಪಾಂಡು ಮಾಡಿದ್ದಲ್ಲ ಬಿಡವಾ."

"ಅವನ್ದ ಐತ್ರಿ ಕಾಕು!"

"ಹಂಗಾರ ಕಡೀ ಸಾಲಿನ ಹಕ್ಕಿ ಯಾಕ ಹಾರಿಸ್ಯಾನ? ಅದು ಹಕ್ಕಿ ಪಾಲು. ಅವರಪ್ಪ ಇರೂತನಕ ನಮ್ಮ ತ್ವಾಟದಾಗ ಆ ಸಾಲಿಗೆ ಯಾರೂ ಕಲ್ಲು ಒಗಿತಿರಲಿಲ್ಲ. ಸಣ್ಣಾಂವ ಇದ್ದಾಗ ಇಂವ ಒಮ್ಮಿ ಒಗದಿದ್ದ. ಗುಬ್ಬಿ ಸತ್ತಹೋತು. ಅವತ್ತ ಎಷ್ಟ ಕರದರೂ ಉಣ್ಣಾಕ ಬರಲಿಲ್ಲ ನನ್ನ ಮಗ."

ಸಮ್ರೀನಳಿಗೆ ಈಗ ಹೊಳೆಯಿತು. ಅವಸರ ಮಾಡಿದವಳು ತಾನು. ಅವನ ಹೆಸರು ಉಳಿಸಲು ಹೊರಟು ಅವನನ್ನೇ ಅಳಿಸಿಬಿಟ್ಟಿದ್ದಳು. ನಾಚಿಕೆಯಿಂದ ತಲೆ ಎತ್ತಲಾಗದೆ, ಅಲ್ಲೇ ಕಟ್ಟೆಯ ಮೇಲೆ ಲ್ಯಾಪ್‌ಟಾಪು ತೆರೆದು, ಪಾಂಡು ಬರೆದದ್ದನ್ನು ಅವನು ಬರೆದ ಹಾಗೆಯೇ ತಂದಿಟ್ಟಳು. ಬೈಯುವವರು ಬೈಯಲಿ.

ಹೀರಾಬಾಯಿ ಮತ್ತೆ ಆಡಿದರು. ಕಡೆಯ ಸಾಲು ಬಂದಾಗ ಬೆರಳನ್ನು ಮೇಲೆತ್ತಿ ಹಿಡಿದರು. ಹಕ್ಕಿ ಇಳಿಯಿತು. ಹೆದರದೆ ಹಣ್ಣು ಕುಕ್ಕತೊಡಗಿತು.

"ಪಾಂಡ್ಯಾ," ಎಂದರು ಹೀರಾಬಾಯಿ ಮೆಲ್ಲಗೆ, "ಈಗರ ಉಣ್ಣ ಬಾರೋ ಯಪ್ಪಾ."