ಹೆಸರು ಹೇಳಿ ಒಳಗೆ ಬಾ

ಹಿತ್ತಲ ಒರಳುಕಲ್ಲಿನ ಅಂಚಿಗೆ ಒಂದು ಎಲೆ ಅಂಟಿಕೊಂಡಿದೆ, ರುಬ್ಬುಗುಂಡಿಗೆ ಸಿಗದೆ ತಪ್ಪಿಸಿಕೊಂಡದ್ದು, ದುಂಡಗೆ, ತೊಟ್ಟಿನ ಬಳಿ ಸೀಳಿದಂತೆ, ಥೇಟು ಕಿವಿಯ ಹಾಗೆ — ಒಂದೆಲಗ ಅಂದರೆ ಕೇಳಿಸಿಕೊಳ್ಳುವ ಸೊಪ್ಪು ಅಂತ ಮಲ್ಲಾಜಮ್ಮನಿಗೆ ಅನ್ನಿಸಿತು, ಬೆರಳಿನಿಂದ ಅದನ್ನೂ ಒಳಕ್ಕೆ ತಳ್ಳಿದಳು, ಒಂದೆಲೆಯೂ ದಂಡವಾಗಬಾರದು, ತಮ್ಮ ಪುಟ್ಟಬಸವಯ್ಯ ಹೆಮ್ಮಿಗೆಯ ಗದ್ದೆ ಬದುವಿನಲ್ಲಿ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ನರಸೀಪುರದಲ್ಲಿ ಬಸ್ಸು ಬದಲಿಸಿ ನಂಜನಗೂಡಿಗೆ ತಂದದ್ದು, ಭಾವಂಗೆ ಜಾಸ್ತಿ ಕುಡುಸ್ಬ್ಯಾಡ ಕಣಕ್ಕ, ನಿನ್ ಮದ್ವೇಲಿ ಪಾಯ್ಸ ಸಾಲ್ದೇ ಓದದ್ದೂ ಗ್ಯಾಪ್ಕಕ್ಕೆ ಬಂದ್ಬುಟ್ಟಾತು ಅಂದಿದ್ದ — ಬರಲಿ, ಅದಾದರೂ ಬರಲಿ, ಪಾಯಸದ ಸಿಟ್ಟಾದರೂ ಬರಲಿ, ಬೈದರೆ ಬೈಯಲಿ, ಗುಂಡು ತಿರುಗುತ್ತದೆ, ಹಸಿರು ವಾಸನೆ ಮೂಗಿಗೆ ಏರುತ್ತದೆ, ಕೆರೆಯಂಚಿನ ಕೆಸರಿನ ವಾಸನೆ, ನಿನ್ನೆ ಕುಡಿದ ರಸದ ಒಂದು ಹನಿ ಯಜಮಾನರ ಬಿಳಿ ಮೀಸೆಯ ತುದಿಯಲ್ಲಿ ನಿಂತಿತ್ತು, ಒರೆಸಲು ಕೈ ಚಾಚಿದರೆ ಮುಖ ಹಿಂದಕ್ಕೆ ತೆಗೆದುಕೊಂಡರು, ಪರಸ್ಥಳದ ಹೆಂಗಸು ಮುಟ್ಟಲು ಬಂದಳೇನೋ ಎನ್ನುವ ಹಾಗೆ, ಆಮೇಲೆ ನಕ್ಕರು, ಆ ನಗುವಿನ ಅರ್ಥ ಯಾರನ್ನು ಕೇಳುವುದು.

ಚೈತ್ರಳನ್ನು ಕೇಳಿದರೆ ಅವಳು ಇಲಿಯ ಕಥೆ ಹೇಳುತ್ತಾಳೆ, ಮಗಳು ದಿನಾ ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗಿ ಲ್ಯಾಬಿನಲ್ಲಿ ಇದೇ ಸೊಪ್ಪಿನ ಸಾರ ತೆಗೆಯುತ್ತಾಳೆ, ಇಲಿಗಳಿಗೆ ಕುಡಿಸಿ ನೀರಿನ ತೊಟ್ಟಿಗೆ ಬಿಡುತ್ತಾರಂತೆ, ನೀರೊಳಗೆ ಬಚ್ಚಿಟ್ಟ ಮೆಟ್ಟಿಲು ಎಲ್ಲಿತ್ತು ಅನ್ನೋದು ಕುಡಿದ ಇಲಿಗೆ ಬೇಗ ನೆನಪಾಗುತ್ತದಂತೆ, ಆದ್ರೆ ಅವ್ವ, ಅದು ಇಲೀಲಿ, ಮನುಷ್ಯರಿಗೆ ಏನಾಗ್ತದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ, ಅಪ್ಪಾಜಿಗೆ ಬಂದಿರೋದು ಆಲ್‌ಝೈಮರ್, ಡಾಕ್ಟ್ರು ಕೊಟ್ಟ ಮಾತ್ರೆ ಮಾತ್ರ ಬಿಡಬ್ಯಾಡ, ಹ್ಞೂ ಕಣವ್ವ ಬುಡಲ್ಲ, ನಿನ್ ಇಲಿ ಎಂಡ್ತಿ ಎಸ್ರು ಏಳ್ತದಾ ಕೇಳ್ನೋಡು ಅಂದಿದ್ದಳು ಮಲ್ಲಾಜಮ್ಮ, ಚೈತ್ರ ನಕ್ಕಳು, ಆಮೇಲೆ ಇಬ್ಬರಿಗೂ ಆಸ್ಪತ್ರೆಯ ಆ ಕೋಣೆ ನೆನಪಾಗಿತ್ತು — ಇದು ಯಾವ ಇಸವಿ ಯಜಮಾನ್ರೇ, ತೊಂಬತ್ತೊಂದು ಸಾ, ಎರಡು ಸಾವಿರದ ಮೂರು ಅಂತ ಗೋಡೆಯ ಕ್ಯಾಲೆಂಡರು ಕೂಗುತ್ತಿತ್ತು, ಹೋಗಲಿ, ನಿಮ್ಮ ಹೆಂಡತಿ ಹೆಸರೇನು, ಅದಕ್ಕೆ ಅವರು ತಲೆ ತಗ್ಗಿಸಿ, ಪಂಚೆಯ ಅಂಚು ತಿರುವುತ್ತಾ, ಮದುವಣಿಗನ ಹಾಗೆ ನಕ್ಕು, ಮನೆಯೋರು ಸಾ, ಅಂದರು, ಡಾಕ್ಟರು ಕಾಗದದ ಮೇಲೆ ಅಡ್ಡಗೆರೆ ಎಳೆದರು, ಅಯ್ಯೋ ಅದು ಮರೆವಲ್ಲ ಸಾ ನಾಚ್ಕೆ ಅನ್ನಬೇಕೆಂದು ಬಾಯಿ ತೆರೆದವಳಿಗೆ, ನೀವೇ ಹೇಳೀಮ್ಮ ಇವರ ಹೆಸರೇನು ಅಂದುಬಿಟ್ಟರು, ಅವಳೂ ತಲೆ ತಗ್ಗಿಸಿದಳು, ಸೆರಗು ಬಾಯಿಗೆ ಹೋಯಿತು, ಹಿಂದಿನಿಂದ ಚೈತ್ರ ಶಂಭುಲಿಂಗಪ್ಪ ಅಂದಳು, ಇವರಿಗೂ ಒಂದು ಪರೀಕ್ಷೆ ಮಾಡಬೇಕೇನೋ ಅನ್ನುವ ಹಾಗೆ ಡಾಕ್ಟರು ನೋಡಿದರು.

ಹೇಳುವುದಾದರೂ ಹೇಗೆ, ಇಷ್ಟು ವರ್ಷದಲ್ಲಿ ಅವಳು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯಾಗಿ ಬಂದ ದಿನ, ನಾದಿನಿ ಚನ್ನಬಸಮ್ಮ ಹಸಿರು ಬಳೆಯ ಕೈಯನ್ನು ಬಾಗಿಲಿಗೆ ಅಡ್ಡ ಚಾಚಿ, ಎಸ್ರೇಳಿ ಒಳಕ್ ಬಾ ಅತ್ಗೆ, ಇಲ್ದಿದ್ರೆ ಇಲ್ಲೇ ನಿಂತಿರು, ನಿಂತಳು, ಕಾಲು ನೋಯುವ ತನಕ ನಿಂತಳು, ಕೊನೆಗೆ ಸೋದರತ್ತೆ ಕಲಿಸಿ ಕಳಿಸಿದ್ದು ನಾಲಿಗೆಗೆ ಬಂತು, ಹೊಳೆ ದಾಟಿ ಬಂದೆ, ಮಡಿಲಕ್ಕಿ ತಂದೆ, ಶಂಭುಲಿಂಗಪ್ಪನವರ ಮನೆ ನನ್ನದೆಂದೆ, ಹೋ ಅಂತ ಎಲ್ಲರೂ ನಕ್ಕರು, ಕೈ ಸರಿಯಿತು, ಅಲ್ಲಿಂದಾಚೆಗೆ ಇಲ್ಲ, ಸೋಮವಾರ ಮಠದಲ್ಲಿ ಅವರು ಕಾವ್ಯ ವಾಚಿಸುವಾಗ ಕಂಬದ ಹಿಂದೆ ಹೆಂಗಸರ ಸಾಲಿನಲ್ಲಿ ಕೂತು ಕೇಳಿ ಕೇಳಿ ಪದ್ಯವೆಲ್ಲ ಬಾಯಿಗೆ ಬಂದರೂ, ಶಂಭು ಎನ್ನುವ ಮಾತು ಬಂದಲ್ಲಿ ತುಟಿ ಮುಚ್ಚಿ ಹ್ಞೂ ಎಂದು ರಾಗ ಮಾತ್ರ ಎಳೆಯುತ್ತಿದ್ದಳು, ಅದು ಅವರಿಗೂ ಗೊತ್ತಿತ್ತು, ಬೇಕೆಂದೇ ಆ ಪದದ ಮುಂದೆ ನಿಲ್ಲಿಸುತ್ತಿದ್ದರು, ಕಂಬದ ಕಡೆ ಒಂದು ಕಣ್ಣು ಹಾಕಿ — ಅವರು ಅವಳನ್ನು ಕರೆದದ್ದೂ ಅಷ್ಟೇ, ಏ ಇವ್ಳೇ, ನೀರ್ ತತ್ತಾ ಇವ್ಳೇ, ಇವ್ಳೇ ಎನ್ನುವುದರೊಳಗೇ ಅವಳ ಹೆಸರು ಮಡಚಿಟ್ಟಿತ್ತು, ಈಗ ಇವ್ಳೇ ಅನ್ನುವುದೂ ನಿಂತಿದೆ, ಮಡಿಕೆಯೊಳಗೆ ಹೆಸರು ಇದೆಯೋ ಇಲ್ಲವೋ, ನಿನ್ ಹೆಸ್ರೇನು ಅಂತ ನೀನೇ ಒಂದ್ಸಲ ಕೇಳವ್ವ, ಗೊತ್ತಾಗೋಗ್ಲಿ ಅನ್ನುತ್ತಾಳೆ ಚೈತ್ರ, ಮುಂದಿನ ವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು, ಆದರೆ ಕೇಳದೆ ಇರುವ ತನಕ ಅದು ನಾಚಿಕೆ, ಕೇಳಿ ಅವರು ಹೇಳದೆ ಹೋದರೆ ಅದು — ಬೇಡ, ದೇವರೇ ನಂಜುಂಡಪ್ಪ, ಬೇಡ, ರಸ ಹಿಂಡುತ್ತೇನೆ, ತೆಳ್ಳನೆ ಬಟ್ಟೆ, ಬಟ್ಟಲಿನ ತುಂಬ ಹಸಿರು, ಒಂದು ಚೂರು ಜೇನು, ಕೇಳಿಸಿಕೊಳ್ಳುವ ಸೊಪ್ಪೇ ನೀನಾದರೂ ಕೇಳಿಸಿಕೋ, ಬಟ್ಟಲು ಹಿಡಿದು ಎದ್ದಳು, ಮಂಡಿ ಲಟಕ್ಕೆಂದಿತು, ಹಿತ್ತಲ ಬಾಗಿಲಿಗೆ ಬಂದರೆ ಅವರು ಎದ್ದು ಬಂದಿದ್ದಾರೆ, ಹೊಸ್ತಿಲ ಒಳಗೆ ನಿಂತಿದ್ದಾರೆ, ಒಂದು ಕೈ ಬಾಗಿಲಿಗೆ ಅಡ್ಡ, ಯಾರವ್ವ ನೀನು, ಎಸ್ರೇಳಿ ಒಳಕ್ ಬಾ.

ಮೀಸೆಯಲ್ಲಿ ನಿನ್ನೆಯ ಹನಿ ಒಣಗಿದೆ, ಕಣ್ಣಲ್ಲಿ ಕಂಬದ ಕಡೆ ನೋಡುತ್ತಿದ್ದ ಆ ತುಂಟತನವೋ, ಪರಸ್ಥಳದ ಹೆಂಗಸನ್ನು ಕಂಡ ಅಂಜಿಕೆಯೋ, ಕೇಳಬೇಕಾದವಳು ಅವಳು, ಕೇಳಿದವರು ಅವರು, ಯಾರ ಹೆಸರು ಕೇಳಿದಿರಿ, ನನ್ನದೋ ನಿಮ್ಮದೋ, ಮಲ್ಲಾಜಮ್ಮ ಅಂತ ತನ್ನದನ್ನೇ ಹೇಳಿಬಿಟ್ಟರೆ ಎಲ್ಲಾ ಮುಗಿದ ಹಾಗೆ, ಸೆರಗು ಬಾಯಿಗೆ ಹೋಗಲಿಲ್ಲ, ಎರಡೂ ಕೈಯಲ್ಲಿ ಬಟ್ಟಲು, ಹೊಳೆ ದಾಟಿ ಬಂದೆ, ಮಡಿಲಕ್ಕಿ ತಂದೆ, ಶಂಭುಲಿಂಗಪ್ಪನವರ — ಶಂಭುಲಿಂಗಪ್ಪನವರ ಮನೆ ನನ್ನದೆಂದೆ, ಅವರು ತಲೆದೂಗಿದರು, ವಾಚನ ಸರಿಯಾದಾಗ ತೂಗುತ್ತಿದ್ದ ಹಾಗೇ, ಹ್ಞೂ, ಏಳ್ದಲ್ಲ, ಬಾ ಒಳಕ್ಕೆ, ಅಂದರು, ಆದರೆ ಕೈ ತೆಗೆಯುವುದನ್ನು ಮರೆತರು, ಬಾ ಅನ್ನುತ್ತಾರೆ, ಕೈ ಅಲ್ಲೇ, ನರ ಎದ್ದ ತೋಳು, ಉಗುರಿನ ಸುತ್ತ ನಿನ್ನೆಯ ರಸದ ಒಂದಿಷ್ಟು ಹಸಿರು, ಮತ್ತೆ ಬಾ ಇವ್ಳೇ ಅಂದರೋ, ಬಾ ಒಳಕ್ಕೆ ಅಂದರೋ, ಅವಳಿಗೆ ಸರಿಯಾಗಿ ಕೇಳಿಸಲಿಲ್ಲ, ರಸ ತುಳುಕದ ಹಾಗೆ ತೋಳಿನಡಿ ನುಸುಳಲು ಬಗ್ಗಿದಳು, ತಲೆಯ ಮೇಲೆ ಆ ಕೈ, ಬಾಗಿಲಿಗೆ ಅಡ್ಡ ಆ ಕೈ, ಇನ್ನೂ ಅಡ್ಡವಾಗಿಯೇ ಇರುವ ಆ ಕೈ