ಮಷಿನ್ನಿನ ಹೊಟ್ಟೆಯಲ್ಲಿದ್ದದ್ದು

ಭಜನೆಯವರು ತಾಳ ಎತ್ತಿಕೊಳ್ಳುತ್ತಿದ್ದಂತೆ ನೀಲಾಂಬಿಕ ಗಂಡನ ಹೆಣದ ಪಕ್ಕದಿಂದ ಎದ್ದುಬಿಟ್ಟಳು. ಗೋಡೆಗೊರಗಿಸಿ ಕೂರಿಸಿದ್ದ ಬೆನಕಪ್ಪನ ಕೊರಳ ಹಾರ ಅವಳ ಸೆರಗಿಗೆ ಸಿಕ್ಕಿ ಸೇವಂತಿಗೆಯ ಎಸಳುಗಳು ಉದುರಿದವು.

"ಎಲ್ಲಿಗೆ ನೀಲಾ?" ಬೆನಕಪ್ಪನ ಅಕ್ಕ ರಾಜೇಶ್ವರಮ್ಮ ಕೈ ಹಿಡಿದು ಜಗ್ಗಿದಳು. "ಬೆಳಗಿಂದ ಎಷ್ಟು ಸಲ ಏಳ್ತೀಯೇ?"

"ಶೆಡ್ಡಿನ ಸದ್ದು ನಿಂತ ಹಂಗಾತು."

"ನಿಂತ್ರೆ ನಿಲ್ಲಲಿ ಬಿಡು ತಾಯಿ."

ನಿಂತಿರಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಕಂಪ್ಯೂಟರ್ ಮಷಿನ್, ಸಿಎನ್‌ಸಿ ಲೇತ್‌ನ ಫ್ಯಾನು ಗುಂಯ್‌ಗುಡುತ್ತಲೇ ಇತ್ತು. ನೀಲಾಂಬಿಕ ಕೂತಳು. ಕಾಲು ಮಾತ್ರ ಸೀರೆಯೊಳಗೆ ಸುಮ್ಮನಿರಲಿಲ್ಲ.

ಮೈದುನ ಮಲ್ಲಿಕಾರ್ಜುನ್ ಬಾಗಿಲಿನಿಂದಲೇ ಬಗ್ಗಿ ಹೇಳಿದ. "ಅತ್ತಿಗೆ, ಲೈನ್‌ಮನ್ ಫೋನ್ ಮಾಡಿದ್ದ. ಟ್ರಾನ್ಸ್‌ಫಾರ್ಮರ್ ಬದಲಿಸ್ತಾರಂತೆ, ಇನ್ನೊಂದು ತಾಸಿನಾಗೆ ಕರೆಂಟ್ ತೆಗೀತಾರೆ. ಹೆಂಗೂ ಹೋಗದೈತಲ್ಲ, ಆ ಮಷಿನ್ ಈಗ್ಲೇ ಬಂದ್ ಮಾಡ್ತೀನಿ. ಸಾವಿನ ಮನೆಯಾಗೆ ಅದೇನು ಗುಂಯ್ ಅನ್ನೋದು."

"ಮುಟ್ಟಬ್ಯಾಡ!"

ತಾಳ ನಿಂತಿತು. ಅಳುತ್ತಿದ್ದವರೂ ತಿರುಗಿ ನೋಡಿದರು.

*

ಹೋದ ವಾರ ಮಷಿನ್ನಿನ ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ ಮಿನುಗಲು ಶುರುವಾಗಿತ್ತು. ಕರೆಂಟಿಲ್ಲದಾಗ ನೆನಪು ಕಾಯುವ ಬ್ಯಾಟರಿ ಸತ್ತಿದೆ ಎಂಬ ಎಚ್ಚರಿಕೆ ಅದು. ಬೆನಕಪ್ಪ ಹೊಸ ಬ್ಯಾಟರಿಗೆ ಹುಬ್ಬಳ್ಳಿಗೆ ಹೇಳಿದ್ದ. ಅದು ಬರುವ ತನಕ ಮಷಿನ್ ಆರಿಸಬಾರದು ಎಂದಿದ್ದ. ಆರಿಸಿದರೆ ಅವನು ಇಷ್ಟು ವರ್ಷ ಬರೆದು ತುಂಬಿದ ಪ್ರೋಗ್ರಾಮುಗಳೆಲ್ಲ ಅಳಿಸಿಹೋಗುತ್ತಿದ್ದವು. ಒಂದೊಂದು ಬಿಡಿಭಾಗ ಕಡೆಯಲು ಒಂದೊಂದು. ಅಕ್ಕಿ ಗಿರಣಿಯ ಬುಶ್ಶು, ಅಂಜನಾಪುರದ ಕಾಲುವೆ ತೂಬಿನ ತಿರುಪು, ಕಂಪನಿಯೇ ಮುಚ್ಚಿಹೋದ ಟಿಲ್ಲರುಗಳ ಶಾಫ್ಟು. ಮುರಿದ ತುಂಡು ಹಿಡಿದು ಬಂದವರನ್ನು ಅವನು ಎಂದೂ ಬರಿಗೈಯಲ್ಲಿ ಕಳಿಸಿದವನಲ್ಲ. ಕಣ್ಣು ಮಂಜಾದ ಮೇಲೆ ಅವನು ಹೇಳುತ್ತಿದ್ದ, ನೀಲಾಂಬಿಕ ಕೀಲಿ ಒತ್ತುತ್ತಿದ್ದಳು. ತಪ್ಪು ಒತ್ತಿದರೆ ಸದ್ದಿನಲ್ಲೇ ಗೊತ್ತು ಮಾಡಿಕೊಂಡು "ಹ್ಞೂಂ, ಇನ್ನೊಮ್ಮೆ" ಎನ್ನುತ್ತಿದ್ದ.

"ಒಂದು ಮೆಮೊರಿ ಕಾರ್ಡಿಗೆ ಇಳಿಸಿಡ್ರಿ" ಎಂದು ಅವಳು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಹಿಂದೊಮ್ಮೆ ನಂಬಿ ಕಾರ್ಡು ಕೊಟ್ಟ ಗೆಳೆಯನೊಬ್ಬ ಅವನದೇ ಶಾಫ್ಟನ್ನು ತನ್ನ ಹೆಸರಿನಲ್ಲಿ ಊರೂರಿಗೆ ಮಾರಿದ್ದ. ಅಂದೇ ಬೆನಕಪ್ಪ ಇದ್ದ ಕಾರ್ಡನ್ನು ಸುತ್ತಿಗೆಯಲ್ಲಿ ಜಜ್ಜಿದ್ದ. ಹತ್ತು ವರ್ಷ ಜೊತೆಗೆ ದುಡಿದ ಹೇಮಂತ್ ಸೊರಬದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಲು ಹೊರಟಾಗ, "ಟಿಲ್ಲರ್ ಶಾಫ್ಟಿನದೊಂದು ಕೊಡಿ ಅಣ್ಣ" ಎಂದು ಕೇಳಿದ್ದ. "ನಾನಿರೋ ತನಕ ಅವು ಈ ಮಷಿನ್ನಿನ ಹೊಟ್ಟೆ ಬಿಟ್ಟು ಹೊರಗೆ ಬರಂಗಿಲ್ಲ" ಎಂದಿದ್ದ ಬೆನಕಪ್ಪ. ಆಮೇಲೆ ಇಬ್ಬರೂ ಮಾತಾಡಲಿಲ್ಲ.

*

ಹೇಮಂತ್ ಹಾರ ಹಿಡಿದು ಒಳಗೆ ಬಂದಾಗ ನೀಲಾಂಬಿಕ ಅವನನ್ನು ಅಳಲೂ ಬಿಡಲಿಲ್ಲ.

"ಕಾರ್ಡ್ ಐತಾ ನಿನ್ನ ಹತ್ರ?"

"ಬೈಕಿನ ಬ್ಯಾಗಲ್ಲಿ ಇದೆ ಅಕ್ಕಾ. ಯಾಕೆ?"

"ಬಾ."

ಹಿತ್ತಲ ಬಾಗಿಲಲ್ಲಿ ಮಲ್ಲಿಕಾರ್ಜುನ್ ಅಡ್ಡ ನಿಂತ. "ಅಣ್ಣ ಬದುಕಿದ್ದಾಗ ಕೊಡ್ಲಿಲ್ಲ. ಅವನನ್ನ ಮಣ್ಣು ಮಾಡೋಕೂ ಮೊದ್ಲೇ ಇವನ ಕೈಗೆ ಕೊಡ್ತೀರಾ? ಇವನು ಬಂದಿದ್ದೇ ಅದಕ್ಕೆ ಅಂತೀನಿ."

ಹೇಮಂತನ ಮುಖ ಕಪ್ಪಿಟ್ಟಿತು. "ನಾನು ಹೊರಗೆ ನಿಂತ್ಕೊಳ್ತೀನಿ ಅಕ್ಕಾ."

"ನಿನ್ನಣ್ಣ ನಿನ್ನೆ ಚಹಾ ಕೇಳಿದ್ರು," ಎಂದಳು ನೀಲಾಂಬಿಕ ಮೈದುನನಿಗೆ. "ತರೋದ್ರಾಗೆ ಇರ್ಲಿಲ್ಲ. ಇದೂ ಹಂಗೇ ಹೋಗ್ಲಿ ಅಂತೀಯೇನು? ಆಚೆ ಸರಿ."

ಅವನು ಸರಿದ.

ಶೆಡ್ಡಿನಲ್ಲಿ ಮಷಿನ್ನಿನ ಪರದೆಯ ಪಕ್ಕದ ಕಿಂಡಿಗೆ ಹೇಮಂತ್ ಕಾರ್ಡು ತೂರಿಸಿದ. ಪರದೆ ಕಾರ್ಡಿಲ್ಲ ಎಂದಿತು. ತೆಗೆದು ಹಾಕಿದ, ಮತ್ತೆ ಅದೇ. ಯಾರೂ ಮುಟ್ಟದ ಕಿಂಡಿಯಲ್ಲಿ ಎಣ್ಣೆಯೂ ಧೂಳೂ ಸೇರಿ ಗಟ್ಟಿಯಾಗಿ ಕೂತಿದ್ದವು. ನೀಲಾಂಬಿಕ ಸೆರಗಿನ ತುದಿಯನ್ನು ನಡುಬೆರಳಿಗೆ ಸುತ್ತಿ ಒಳಗೆ ತಿರುವಿದಳು. ಮನೆಯೊಳಗೆ ಯಾರೋ ಅವಳ ಹೆಸರು ಕೂಗಿದರು. ಇನ್ಯಾರೋ ಅವಳಿಗೆ ಬುದ್ಧಿ ಕೆಟ್ಟಿದೆ ಎಂದರು. ತಲೆಯ ಮೇಲಿನ ಟ್ಯೂಬ್‌ಲೈಟು ಒಮ್ಮೆ ಮಿಣುಕಿತು. ಇಬ್ಬರೂ ಮೇಲೆ ನೋಡಿದರು. ಆರಲಿಲ್ಲ.

ಈ ಸಲ ಕಾರ್ಡು ಹಿಡಿಯಿತು.

"ಎಲ್ಲಾ ಒಟ್ಟಿಗೇನಾ?"

"ಒಂದೂ ಬಿಡಬ್ಯಾಡ."

ಕೊನೆಯ ಕೀಲಿಯ ಮೇಲೆ ಹೇಮಂತನ ಬೆರಳು ತಡೆಯಿತು. "ಅಣ್ಣ ಬ್ಯಾಡ ಅಂದಿದ್ರಲ್ಲ ಅಕ್ಕಾ."

"ಅಂದಿದ್ರು," ಎಂದು ಅವಳೇ ಒತ್ತಿದಳು.

ಪರದೆಯ ಕೆಳಗೆ ಒಂದು ಪದ ಮಿನುಗತೊಡಗಿತು. ಅದು ಮಿನುಗುವಷ್ಟು ಹೊತ್ತು ನೀಲಾಂಬಿಕ ಬಾಗಿಲಿಗೂ ಮಷಿನ್ನಿಗೂ ನಡೆದಳು, ಮತ್ತೆ ನಡೆದಳು. ಕೊನೆಗೆ ಮಿನುಗು ನಿಂತಿತು. ಹೇಮಂತ್ ಕಾರ್ಡು ಕಿತ್ತು ಅವಳ ಮುಂದೆ ಹಿಡಿದ.

"ನಿನ್ನ ಹತ್ರಾನೇ ಇರ್ಲಿ. ಬ್ಯಾಟರಿ ಬಂದ ದಿನ ತಂದು ತುಂಬು."

"ಮಲ್ಲಿಕಣ್ಣ ಏನಂತಾರೋ..."

"ನಾನು ಹೇಳ್ದೆನಲ್ಲ. ಇಟ್ಕ."

ಅವನು ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಮೇಲೆ ಅಂಗೈ ಒತ್ತಿಕೊಂಡು, ಆಗ ಅತ್ತ. ನೀಲಾಂಬಿಕ ಗೋಡೆಯ ಮೇನ್ ಸ್ವಿಚ್ಚಿನ ಹತ್ತಿರ ಹೋದಳು. ಯಾರೋ ಲೈನ್‌ಮನ್ ಕಂಬದ ಮೇಲಿಂದ ಮಾಡುವುದಕ್ಕಿಂತ ತನ್ನ ಕೈಯಲ್ಲೇ ಆಗಲಿ ಎನಿಸಿತು. ಹಿಡಿಯನ್ನು ಕೆಳಕ್ಕೆಳೆದಳು. ಫ್ಯಾನು ಕ್ಷೀಣಿಸುತ್ತ, ತೊದಲುತ್ತ ನಿಂತಿತು. ಭಜನೆ ಆಗ ಸ್ಪಷ್ಟವಾಗಿ ಕೇಳಿಸಿತು.

*

ಅಂಗಳದಲ್ಲಿ ಹೆಣ ಹೊರುವ ವಿಮಾನ ಸಿದ್ಧವಾಗಿತ್ತು. ಬಾಳೆದಿಂಡಿನ ನಡುವೆ ಬೆನಕಪ್ಪನನ್ನು ಕೂರಿಸಿದ್ದರು. ತಾಳಗುಂದದ ಹೊಲದಲ್ಲಿ ಗುಂಡಿ ತೋಡಿ ಆಗಿದೆ ಎಂದು ಫೋನು ಬಂದಿತ್ತು.

"ಬಾರಮ್ಮ," ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು. "ಕೊನೇ ಸಲ ವಿಭೂತಿ ಹಚ್ಚು."

ಒದ್ದೆ ಮಾಡಿದ ವಿಭೂತಿಯ ಗಟ್ಟಿಯ ಮೇಲೆ ಮೂರು ಬೆರಳು ತಿಕ್ಕಿ ನೀಲಾಂಬಿಕ ಗಂಡನ ಹಣೆಗೆ ಎಳೆದಳು. ಮೂರು ಗೆರೆ ಮೂಡಿದವು. ಕೈ ತೊಳೆದಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ರಾಜೇಶ್ವರಮ್ಮ ಒರೆಸಲು ಸೆರಗು ಎತ್ತಿದಳು. ತಮ್ಮನ ಮುಖವನ್ನೇ ನೋಡುತ್ತ ಹಾಗೇ ಇಳಿಸಿದಳು.

ವಿಮಾನ ಹೆಗಲಿಗೇರಿತು. ಮಧ್ಯದ ಗೆರೆ ಮಷಿನ್ನಿನ ಎಣ್ಣೆಯಲ್ಲಿ ಕಪ್ಪಾಗಿ, ಬಿಸಿಲಿಗೆ ಹಸಿಹಸಿಯಾಗಿ ಮಿಂಚುತ್ತ, ಜನರ ತಲೆಗಳ ಮೇಲಿಂದ ಬೀದಿಯ ತಿರುವಿನವರೆಗೂ ಕಾಣುತ್ತಿತ್ತು.